ಮೀನಿನ ತಲೆ, ಕರುಳಿನಿಂದ ಎಣ್ಣೆ ತೆಗೆಯುವ ಕ್ರಮ

“ದಿನಾ ಬುಟ್ಟಿಗಟ್ಟಲೆ ತಲೆ, ಕರುಳು ಬಿಸಾಡ್ತೇವೆ. ಅದರಿಂದ ಎಣ್ಣೆ ತೆಗೆಯಲಿಕ್ಕೆ ಆಗ್ತದಾ?” ಮೀನು ಕೊಯ್ಯುವ ಶೆಡ್‌ನವರು, ಒಣಮೀನು ಮಾಡುವ ಸಂಘದವರು, ತೋಟಕ್ಕೆ ಮೀನೆಣ್ಣೆ ಸೋಪು ಹೊಡೆಯುವ ಕೃಷಿಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಆಗುತ್ತದೆ. 20 ಕಿಲೋದ ಲೆಕ್ಕದಲ್ಲಿ ಒಂದು ಸ್ಟೀಲ್ ಪಾತ್ರೆ, ಒಂದು ಒಲೆ ಇಟ್ಟುಕೊಂಡೇ ಆಗುತ್ತದೆ. ಆದರೆ ಹೆಚ್ಚಿನವರ ಎಣ್ಣೆ ಒಲೆ ಹಚ್ಚುವ ಮೊದಲೇ ಕೆಟ್ಟಿರುತ್ತದೆ. ಆಮೇಲೆ ಎಷ್ಟು ಸೋಸಿದರೂ, ತೊಳೆದರೂ ಅದು ಮೊದಲಿನಂತಾಗುವುದಿಲ್ಲ. ಹಾಗಾಗಿ ಮೊದಲ ಹಂತವನ್ನು ಎರಡು ಸಲ ಓದಿ.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು. ಇಲ್ಲಿ ಹೇಳುವ ಎಣ್ಣೆ ಕುಡಿಯುವುದಕ್ಕಲ್ಲ, ಅಡುಗೆಗೂ ಅಲ್ಲ. ಮಾತ್ರೆಯಲ್ಲಿ ತುಂಬಿ ಮಾರುವ ಮೀನೆಣ್ಣೆಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಲ್ಲಿ ಪೆರಾಕ್ಸೈಡ್ ಮೌಲ್ಯ (ಗಾಳಿ ತಾಗಿ ಎಣ್ಣೆ ಎಷ್ಟು ಕಮಟಿದೆ ಎಂಬ ಅಳತೆ) 5ರೊಳಗೆ, ಆಮ್ಲ ಮೌಲ್ಯ (ಎಣ್ಣೆ ಎಷ್ಟು ಹುಳಿಯಾಗಿದೆ ಎಂಬ ಅಳತೆ) 3ರೊಳಗೆ ಇರಬೇಕು. ತೆರೆದ ಪಾತ್ರೆಯಲ್ಲಿ ಅದನ್ನು ಕಾಯ್ದುಕೊಳ್ಳುವುದು ಸಾಧ್ಯವಿಲ್ಲ. ಲೋಹದ ಅಂಶ, ಕೀಟನಾಶಕದ ಶೇಷ ತೆಗೆಯುವುದಂತೂ ಬೇರೆಯೇ ಯಂತ್ರಗಳ ಕೆಲಸ. ನಿಮ್ಮ ಎಣ್ಣೆಗೆ ಸೋಪು, ಸಿಂಪಡಣೆ, ಮರದ ದೋಣಿಗೆ ಬಳಿಯುವುದು, ಚರ್ಮ ಹದ ಮಾಡುವುದು, ಇಲ್ಲವೇ ಸಂಸ್ಕರಣಾ ಘಟಕಕ್ಕೆ ಕಚ್ಚಾ ಎಣ್ಣೆಯಾಗಿ ಮಾರುವುದು, ಇಷ್ಟು ದಾರಿಗಳಿವೆ.

ಯಾವ ಮೀನು, ಯಾವ ತಿಂಗಳು

ಎಲ್ಲ ಮೀನಿನ ತ್ಯಾಜ್ಯದಲ್ಲೂ ಎಣ್ಣೆ ಇಲ್ಲ. ಸುರಿಮಿ (ಮೀನಿನ ಮಾಂಸ ಅರೆದು ಮಾಡುವ ಮುದ್ದೆ) ಘಟಕಗಳಿಂದ ಬರುವ ಮದ್ಮಲ್ ಮೀನಿನ ತಲೆ ರಾಶಿ ನೋಡಿ ಆಸೆಪಡಬೇಡಿ, ಅದು ಒಣ ಜಾತಿ. ಸಿಗಡಿ ತಲೆಯದೂ ಅದೇ ಕತೆ. ಕರಾವಳಿಯಲ್ಲಿ ಈ ಕೆಲಸಕ್ಕೆ ಬೂತಾಯಿಯೇ (ಕುಂದಾಪುರ ಕಡೆ ಬೈಗೆ, ಕಾರವಾರ ಕಡೆ ತಾರ್ಲೆ) ಸರಿ, ಬಂಗುಡೆ ಆಮೇಲೆ. ಒಳನಾಡಿನಲ್ಲಿ ಕಾಟ್ಲಾ, ರೋಹುವಿನ ಕರುಳಿಗೆ ಅಂಟಿದ ಕೊಬ್ಬು ಚೆನ್ನಾಗಿರುತ್ತದೆ.

ಬೂತಾಯಿಯ ನೆಣ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಳೆಗಾಲದಲ್ಲಿ ಮೊಟ್ಟೆಯಿಟ್ಟ ಮೀನು ಬಡಕಲು. ಕೊಬ್ಬು ಶೇ 2–3ಕ್ಕೂ ಇಳಿದಿರುತ್ತದೆ. ಮಳೆಯ ನಂತರ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ತಿಂದು ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ ಶೇ 15 ದಾಟುವುದೂ ಉಂಟು. ಆಗಸ್ಟ್‌ನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದ ಕೂಡಲೇ ಒಲೆ ಕಟ್ಟಿ ಕೂತವರಿಗೆ ಸೌದೆ ಖರ್ಚೇ ಲಾಭ.

ಸಂಶಯವಿದ್ದರೆ ಹೀಗೆ ಪರೀಕ್ಷಿಸಿ: ಒಂದು ಕಿಲೋ ತ್ಯಾಜ್ಯಕ್ಕೆ ಅರ್ಧ ಲೀಟರ್ ನೀರು ಹಾಕಿ 15 ನಿಮಿಷ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ರಸವನ್ನು ಉದ್ದನೆಯ ಗಾಜಿನ ಪಾತ್ರೆಗೆ ಹಾಕಿ ರಾತ್ರಿಯಿಡೀ ಬಿಡಿ. ಮೇಲೆ ನಿಂತ ಎಣ್ಣೆ 30 ಮಿಲಿಗಿಂತ ಕಡಿಮೆಯಿದ್ದರೆ ಆ ತ್ಯಾಜ್ಯವನ್ನು ಗೊಬ್ಬರದ ಗುಂಡಿಗೆ ಕಳಿಸಿ.

ಬೇಕಾದ ಸಾಮಾನು

50 ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, 0ರಿಂದ 110 ಡಿಗ್ರಿವರೆಗಿನ ಥರ್ಮಾಮೀಟರ್, ಕೈಯಿಂದ ತಿರುಗಿಸುವ ಸ್ಕ್ರೂ ಪ್ರೆಸ್ ಅಥವಾ ಗಟ್ಟಿ ಚೌಕಟ್ಟಿನಲ್ಲಿ ಕೂರಿಸಿದ ವಾಹನದ ಜಾಕ್, ದಪ್ಪ ನೈಲಾನ್ ಬಟ್ಟೆ (ಹೆಗಲಿಗೆ ಹಾಕುವ ಬೈರಾಸು ಎರಡನೇ ಸಲಕ್ಕೇ ಹರಿಯುತ್ತದೆ), ತಳದಲ್ಲಿ ನಳ್ಳಿಯಿರುವ ಉದ್ದನೆಯ ಸ್ಟೀಲ್ ಡ್ರಮ್ಮು, ಪಿಎಚ್ ಕಾಗದ (ದ್ರವದ ಹುಳಿ ಅಳೆಯುವುದಕ್ಕೆ; ಅಂಕೆ ಇಳಿದಷ್ಟೂ ಹುಳಿ ಹೆಚ್ಚು), ಗ್ರಾಂ ತೋರಿಸುವ ತಕ್ಕಡಿ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ನಳ್ಳಿಯ ಬದಿಯಲ್ಲಿ ಗಾಜಿನ ಕೊಳವೆ ಕೂರಿಸಿಕೊಂಡರೆ ಪದರಗಳು ಹೊರಗಿನಿಂದಲೇ ಕಾಣುತ್ತವೆ.

ಅಟ್ಟದ ಮೇಲಿರುವ ತಾಮ್ರದ ಹಂಡೆ ಇಳಿಸಬೇಡಿ. ತಾಮ್ರ, ಹಿತ್ತಾಳೆ, ತುಕ್ಕು ಹಿಡಿದ ಕಬ್ಬಿಣ, ಇವುಗಳ ಲೇಶಮಾತ್ರ ಎಣ್ಣೆಗೆ ಸೇರಿದರೂ ಕಮಟುವುದು ಹಲವು ಪಟ್ಟು ಬೇಗ. ನಳ್ಳಿ ಹಿತ್ತಾಳೆಯದಾಗಿದ್ದರೂ ತೊಂದರೆಯೇ. ಅಲ್ಯೂಮಿನಿಯಂ ಪಾತ್ರೆಯನ್ನು ಮುಂದೆ ಹುಳಿ ತೆಗೆಯಲು, ಸೋಪು ಮಾಡಲು ಹಾಕುವ ಕಾಸ್ಟಿಕ್ ಸೋಡಾ ತಿಂದುಹಾಕುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ.

ಹಂತ 1: ತ್ಯಾಜ್ಯ ಕೂಡಿಸುವುದು

ಮೀನಿನ ಹೊಟ್ಟೆಯಲ್ಲಿ ಕೊಬ್ಬು ಜೀರ್ಣಿಸುವ ಕಿಣ್ವಗಳಿವೆ. ಮೀನು ಸತ್ತ ಮೇಲೂ ಅವು ಕೆಲಸ ನಿಲ್ಲಿಸುವುದಿಲ್ಲ. ಎಣ್ಣೆಯ ಅಣುವೆಂದರೆ ಒಂದು ಗ್ಲಿಸರಿನ್‌ಗೆ ಕೊಂಡಿ ಹಾಕಿಕೊಂಡ ಮೂರು ಕೊಬ್ಬಿನಾಮ್ಲಗಳು. ಕಿಣ್ವ ಆ ಕೊಂಡಿ ಕಡಿದಾಗ ಕೊಬ್ಬಿನಾಮ್ಲ ಬಿಡಿಯಾಗುತ್ತದೆ, ವ್ಯಾಪಾರಿಗಳು “ಎಫ್‌ಎಫ್‌ಎ ಎಷ್ಟು?” ಎಂದು ಕೇಳುವುದು ಈ ಬಿಡಿ ಕೊಬ್ಬಿನಾಮ್ಲದ ಶೇಕಡಾವಾರನ್ನೇ. ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಬುಟ್ಟಿಯಲ್ಲಿ ಬಿಟ್ಟ ಕರುಳು ಬೆಳಗ್ಗಿನಿಂದ ಸಂಜೆಗೇ ನೀರಾಗತೊಡಗುತ್ತದೆ.

ಆದ್ದರಿಂದ ಕೊಯ್ದ ಎರಡು-ಮೂರು ಗಂಟೆಯೊಳಗೆ ಬೇಯಿಸಿ. ಆಗದಿದ್ದರೆ ಎರಡು ಪಾಲು ತ್ಯಾಜ್ಯಕ್ಕೆ ಒಂದು ಪಾಲು ಪುಡಿ ಐಸು ಪದರ ಪದರವಾಗಿ ಹಾಕಿ ಮುಚ್ಚಿಡಿ, ಮಾರನೇ ದಿನ ಬೆಳಗ್ಗೆಯೇ ಮುಗಿಸಿ. ತಲೆ ಬೇರೆ, ಕರುಳು ಬೇರೆ ಬುಟ್ಟಿ ಮಾಡಿಕೊಂಡರೆ ಒಳ್ಳೆಯದು. ತಲೆಯ ಎಣ್ಣೆ ತಿಳಿ ಬರುತ್ತದೆ. ಕಾಟ್ಲಾದಂಥ ದೊಡ್ಡ ಮೀನಾದರೆ ಪಿತ್ತಕೋಶ ಒಡೆಯದಂತೆ ಕಿತ್ತು ಹಾಕಿ. ಪಿತ್ತದ ಹಸಿರು ಬಣ್ಣ ಎಣ್ಣೆಗಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಿತ್ತರಸ ಇರುವುದೇ ಕೊಬ್ಬನ್ನು ನೀರಿನಲ್ಲಿ ಬೆರೆಸುವುದಕ್ಕೆ. ಮುಂದೆ ನೀರು-ಎಣ್ಣೆ ಬೇರೆಯಾಗದೆ ನಿಮ್ಮನ್ನು ಸತಾಯಿಸುವುದು ಇದೇ.

ನೆತ್ತರು, ಮರಳು ಹೋಗುವಂತೆ ತಣ್ಣೀರಿನಲ್ಲಿ ಒಂದೇ ಸಲ ತೊಳೆಯಿರಿ. ಸಮುದ್ರದ ನೀರು ಬೇಡ.

ಹಂತ 2: ಬೇಯಿಸುವುದು

20 ಕಿಲೋ ತ್ಯಾಜ್ಯಕ್ಕೆ 4 ಲೀಟರ್ ನೀರು. ಮೊದಲು ನೀರು ಕುದಿಸಿ, ಆಮೇಲೆ ತ್ಯಾಜ್ಯ ಹಾಕಿ. ಇಲ್ಲವಾದರೆ ತಳ ಹತ್ತುತ್ತದೆ, ಆ ಸೀದ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಬಿಸಿ 90ರಿಂದ 95 ಡಿಗ್ರಿಗೆ ಬಂದ ಮೇಲೆ 15–20 ನಿಮಿಷ ಅಲ್ಲೇ ನಿಲ್ಲಿಸಿ. ಸುಮಾರು 75 ಡಿಗ್ರಿಯಲ್ಲಿ ಮೀನಿನ ಪ್ರೋಟೀನು ಗಟ್ಟಿಯಾಗಿ, ಅದು ಹಿಡಿದಿಟ್ಟ ನೀರು, ಎಣ್ಣೆ ಎರಡನ್ನೂ ಬಿಡುತ್ತದೆ. ಉಳಿದ ಬಿಸಿ ದಪ್ಪ ತಲೆಗಳ ಒಳಗೂ ಅಷ್ಟು ಶಾಖ ತಲುಪಲಿ ಎಂದು.

ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಎಣ್ಣೆ ಹೆಚ್ಚು ಬರಲೆಂದು ಗಂಟೆಗಟ್ಟಲೆ ಕೊತಕೊತ ಕುದಿಸುವುದು. ಆಗ ಮಾಂಸ ಹಿಟ್ಟಾಗಿ, ಹಿಂಡುವಾಗ ಬಟ್ಟೆಯ ರಂಧ್ರದಿಂದಲೇ ಹೊರಬರುತ್ತದೆ. ಇನ್ನೊಂದು, ಕಡಗೋಲಿನಂತೆ ಸೌಟು ತಿರುಗಿಸುವುದು. ಮೊಸರು ಕಡೆದರೆ ಬೆಣ್ಣೆ ಬರುತ್ತದೆ, ನಿಜ. ಮೀನಿನ ರಸ ಕಡೆದರೆ ಎಣ್ಣೆ ನೀರಿನೊಳಗೇ ಸಣ್ಣ ಹನಿಯಾಗಿ ಅಡಗುತ್ತದೆ. ತಳ ಹತ್ತದಷ್ಟು ಮೆಲ್ಲಗೆ ಮಗುಚಿದರೆ ಸಾಕು.

ಬೆಂದಿದೆಯೇ ಎಂದು ನೋಡಲು ಒಂದು ಹಿಡಿ ಸೌಟಿನಲ್ಲಿ ತೆಗೆದು, ತುಸು ಆರಿದ ಮೇಲೆ ಅಂಗೈಯಲ್ಲಿ ಒತ್ತಿ. ಬೆರಳ ಸಂದಿಯಿಂದ ನೀರು ಥಟ್ಟನೆ ಹರಿದು, ಮಾಂಸ ಉಂಡೆಯಾಗಿ ಕೈಯಲ್ಲಿ ಉಳಿದರೆ ಸರಿ. ಅಂಟಂಟಾಗಿ ಜಾರಿದರೆ ಇನ್ನೂ ಐದು ನಿಮಿಷ.

ಹಂತ 3: ಹಿಂಡುವುದು

ಬಿಸಿಯಿರುವಾಗಲೇ ಹಿಂಡಬೇಕು, 70 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ತಣಿದರೆ ಎಣ್ಣೆ ಮಂದವಾಗಿ ಮಾಂಸದಲ್ಲೇ ಉಳಿಯುತ್ತದೆ. ಮೊದಲು ತೂತಿನ ಬುಟ್ಟಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಡಿ. ಅರ್ಧ ರಸ ತಾನಾಗಿಯೇ ಇಳಿಯುತ್ತದೆ. ಆಮೇಲೆ 4–5 ಕಿಲೋ ಗಂಟುಗಳಾಗಿ ಬಟ್ಟೆಯಲ್ಲಿ ಕಟ್ಟಿ ಪ್ರೆಸ್‌ನಡಿ ಇಡಿ. ಒಂದೇ ಉಸಿರಿಗೆ ಒತ್ತಬೇಡಿ, ಬಟ್ಟೆ ಬಿರಿಯುತ್ತದೆ. ಕಾಲು ಸುತ್ತು, ರಸ ನಿಲ್ಲುವವರೆಗೆ ಕಾಯುವುದು, ಮತ್ತೆ ಕಾಲು ಸುತ್ತು.

ಉಳಿದ ಹಿಂಡಿಯನ್ನು ಅಂದೇ ತೆಳ್ಳಗೆ ಹರಡಿ ಒಣಗಿಸಿ.

ಹಂತ 4: ಪದರ ಬಿಡಿಸುವುದು

ರಸವನ್ನು ನಳ್ಳಿಯ ಡ್ರಮ್ಮಿಗೆ ಸೋಸಿ, ಮತ್ತೆ 85–90 ಡಿಗ್ರಿಗೆ ಕಾಯಿಸಿ, ಒಲೆಯಿಂದ ಇಳಿಸಿ ಗೋಣಿ ಸುತ್ತಿ ಎರಡು ಗಂಟೆ ಅಲುಗಾಡಿಸದೆ ಬಿಡಿ. ತಳದಲ್ಲಿ ಗಸಿ, ಅದರ ಮೇಲೆ ಕಂದು ನೀರು (ಕರಗಿದ ಪ್ರೋಟೀನು ಇರುವುದರಿಂದ ಅಂಟಾಗಿರುತ್ತದೆ), ಮೇಲೆ ಎಣ್ಣೆ. ಎಣ್ಣೆಗೂ ನೀರಿಗೂ ನಡುವೆ ಬೂದು ಬಣ್ಣದ, ಕೆನೆಯಂಥ ಇನ್ನೊಂದು ಪದರ ಕಾಣುತ್ತದೆ. ಹೊಸಬರು ಎಣ್ಣೆ ಕಳೆದುಕೊಳ್ಳುವುದು ಅಲ್ಲೇ: ಕೊಳಕೆಂದು ಹರಿಯಬಿಡುತ್ತಾರೆ, ಇಲ್ಲವೇ ಆಸೆಗೆ ಬಿದ್ದು ಎಣ್ಣೆಗೆ ಸೇರಿಸಿ ಇಡೀ ಡಬ್ಬಿ ಕೆಡಿಸುತ್ತಾರೆ.

ನಳ್ಳಿ ಮೆಲ್ಲಗೆ ತೆರೆದು ಗಸಿ ಮತ್ತು ನೀರನ್ನು ಒಂದು ಬಕೆಟ್‌ಗೆ, ಬೂದು ಪದರವನ್ನು ಬೇರೆ ಪಾತ್ರೆಗೆ ಬಿಡಿ. ಎಣ್ಣೆ ಡ್ರಮ್ಮಿನಲ್ಲೇ ಇರಲಿ. ಬೂದು ಪದರಕ್ಕೆ ಅದರ ಅರ್ಧದಷ್ಟು ಕುದಿಯುವ ನೀರು, ಲೀಟರ್ ನೀರಿಗೆ 20 ಗ್ರಾಂ ಉಪ್ಪು ಹಾಕಿ 90 ಡಿಗ್ರಿಗೆ ಕಾಯಿಸಿ ಮತ್ತೆ ಒಂದು ಗಂಟೆ ಬಿಟ್ಟರೆ ಅಡಗಿದ ಎಣ್ಣೆ ಬಹುಪಾಲು ಮೇಲೆ ಬರುತ್ತದೆ. ಹಾಗೂ ಒಡೆಯದಿದ್ದರೆ, ಒಂದೋ ಕುದಿ ಹೆಚ್ಚಾಗಿದೆ, ಇಲ್ಲವೇ ತ್ಯಾಜ್ಯ ಹಳತು.

ಎಷ್ಟು ಸಿಗಬೇಕು? ತ್ಯಾಜ್ಯದಲ್ಲಿ ಶೇ 10 ಕೊಬ್ಬಿದ್ದರೆ 20 ಕಿಲೋದಲ್ಲಿ ಇರುವುದು 2 ಕಿಲೋ. ಕೈ ಪ್ರೆಸ್‌ನಲ್ಲಿ ಅದರ ಅರ್ಧ ದಾಟಿ ತೆಗೆದರೆ ಸಮಾಧಾನಪಡಿ.

ಹಂತ 5: ತೊಳೆದು, ನೀರಿನಂಶ ತೆಗೆಯುವುದು

ಎಣ್ಣೆಯ ಹತ್ತನೇ ಒಂದು ಪಾಲಿನಷ್ಟು ಕುದಿನೀರನ್ನು ಮೇಲಿನಿಂದ ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ಕೆಳಗಿನಿಂದ ಬಸಿಯಿರಿ. ಬಸಿದ ನೀರು ತಿಳಿಯಾಗುವವರೆಗೆ ಎರಡು-ಮೂರು ಸಲ. ನಂತರ ಎಣ್ಣೆಯನ್ನು ಅಗಲ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 105 ಡಿಗ್ರಿವರೆಗೆ ಕಾಯಿಸಿ. ಒಗ್ಗರಣೆಯಂತೆ ಚಟಪಟ ಸದ್ದು ಬರುತ್ತದೆ. ಸದ್ದು ನಿಂತಿತೆಂದರೆ ನೀರು ಹೋಯಿತು, ಆ ಕ್ಷಣವೇ ಇಳಿಸಿ. ಹತ್ತು ನಿಮಿಷ ಹೆಚ್ಚು ಇಟ್ಟರೂ ಬಣ್ಣ ಕಪ್ಪಾಗುತ್ತದೆ. ನೀರು ಉಳಿದರೆ ಅದು ಇನ್ನೂ ಕೆಟ್ಟದ್ದು, ಡಬ್ಬಿಯ ತಳದಲ್ಲಿ ಕೊಳೆತು ಎಣ್ಣೆ ಹುಳಿಯಾಗುತ್ತದೆ.

ಹಂತ 6: ಎಫ್‌ಎಫ್‌ಎ ಅಳೆಯುವುದು

ಇದಕ್ಕೆ ಪ್ರೌಢಶಾಲೆಯ ಪ್ರಯೋಗಾಲಯದಷ್ಟು ಸಾಮಾನು ಸಾಕು. 50 ಮಿಲಿ ಸ್ಪಿರಿಟ್‌ಗೆ (ಈಥೈಲ್ ಆಲ್ಕೋಹಾಲ್) ನಾಲ್ಕು ಹನಿ ಫೀನಾಲ್ಫ್‌ಥಲೀನ್ (ಕ್ಷಾರ ತಾಗಿದರೆ ಗುಲಾಬಿಯಾಗುವ ಸೂಚಕ) ಹಾಕಿ, ತೀರಾ ತೆಳು ಗುಲಾಬಿ ಬಣ್ಣ ಬರುವಷ್ಟು ಮಾತ್ರ ಕಾಸ್ಟಿಕ್ ಹನಿ ಬಿಡಿ. ಸ್ಪಿರಿಟ್‌ನದೇ ಹುಳಿ ಲೆಕ್ಕಕ್ಕೆ ಸೇರಬಾರದೆಂದು ಇದು. ಈಗ 5 ಗ್ರಾಂ ಎಣ್ಣೆ ಸೇರಿಸಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ (ಸ್ಪಿರಿಟ್ ಇರುವಲ್ಲಿ ಒಲೆ ಬೇಡ), 0.1 ನಾರ್ಮಲ್ ಕಾಸ್ಟಿಕ್ ದ್ರಾವಣ (ಲೀಟರ್‌ಗೆ 4 ಗ್ರಾಂ) ಬ್ಯುರೆಟ್‌ನಿಂದ (ಮಿಲಿ ಗೆರೆಗಳಿರುವ, ತುದಿಯಲ್ಲಿ ನಳ್ಳಿಯಿರುವ ಗಾಜಿನ ಕೊಳವೆ) ಹನಿಸಿ. ಕುಲುಕಿದ ಮೇಲೂ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಮುಗಿಯಿತು. ಬಳಕೆಯಾದ ಮಿಲಿಯನ್ನು 0.56ರಿಂದ ಗುಣಿಸಿ. 7 ಮಿಲಿ ಹೋಗಿದ್ದರೆ ಎಫ್‌ಎಫ್‌ಎ ಸುಮಾರು ಶೇ 4.

ಶೇ 3ರೊಳಗಿದ್ದರೆ ಹಾಗೆಯೇ ತುಂಬಿ ಮಾರಿ. 3ರಿಂದ 8ರೊಳಗೆ ಇದ್ದರೆ ಮುಂದಿನ ಹಂತ ಮಾಡಬಹುದು. 8 ದಾಟಿದ ಎಣ್ಣೆಯನ್ನು ಶುದ್ಧಿ ಮಾಡಹೊರಟರೆ ಕಳೆದುಕೊಳ್ಳುವುದೇ ಹೆಚ್ಚು. ಅದನ್ನು ನೇರ ಸೋಪಿಗೆ ಹಾಕಿ. ಸೋಪಿಗೆ ಬಿಡಿ ಕೊಬ್ಬಿನಾಮ್ಲ ನಷ್ಟವಲ್ಲ.

ಹಂತ 7: ಕಾಸ್ಟಿಕ್‌ನಿಂದ ಹುಳಿ ತೆಗೆಯುವುದು

ಕಾಸ್ಟಿಕ್ ಬಿಡಿ ಕೊಬ್ಬಿನಾಮ್ಲವನ್ನು ಸೋಪು ಮಾಡಿ ತಳಕ್ಕಿಳಿಸುತ್ತದೆ. ಲೆಕ್ಕ ಹೀಗೆ: ಬಿಡಿ ಆಮ್ಲದ ತೂಕ × 0.142. ಎಣ್ಣೆ 10 ಕಿಲೋ, ಎಫ್‌ಎಫ್‌ಎ ಶೇ 4 ಆದರೆ ಬಿಡಿ ಆಮ್ಲ 400 ಗ್ರಾಂ, ಕಾಸ್ಟಿಕ್ 57 ಗ್ರಾಂ, ಶೇ 10 ಹೆಚ್ಚುವರಿ ಸೇರಿ 63 ಗ್ರಾಂ. ಇದನ್ನು 570 ಮಿಲಿ ತಣ್ಣೀರಿನಲ್ಲಿ ಕರಗಿಸಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಸುರಿದರೆ ಮುಖಕ್ಕೇ ಸಿಡಿಯುತ್ತದೆ.

ಎಣ್ಣೆ 65 ಡಿಗ್ರಿಯಲ್ಲಿರುವಾಗ ದ್ರಾವಣವನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಹತ್ತು ನಿಮಿಷ ನಿಧಾನ ಕೈಯಾಡಿಸಿ. ಎಣ್ಣೆ ಒಡೆದ ಹಾಲಿನಂತೆ ಕಾಣತೊಡಗುತ್ತದೆ, ಗಾಬರಿ ಬೇಡ. 75ಕ್ಕೆ ಏರಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ತಳದಲ್ಲಿ ಕಂದು ಸೋಪಿನ ಮಡ್ಡಿ ಇರುತ್ತದೆ. ಬಸಿದು, ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಐದನೇ ಹಂತದಂತೆ ಒಣಗಿಸಿ. ಕಾಸ್ಟಿಕ್ ಕಣ್ಣಂದಾಜಿನಲ್ಲಿ ಹಾಕಿದವರಿಗೆ ಒಳ್ಳೆಯ ಎಣ್ಣೆಯೂ ಸೋಪಾಗಿ ಇಡೀ ಡ್ರಮ್ಮು ಗಂಜಿಯಾಗುತ್ತದೆ. ಮಡ್ಡಿಯನ್ನು ಎಸೆಯಬೇಡಿ, ಕೆಳಗೆ ಅದಕ್ಕೂ ಕೆಲಸವಿದೆ.

ಹಂತ 8: ತುಂಬಿಡುವುದು

ಗಾಳಿ, ಬೆಳಕು, ಶಾಖ ಮೂರನ್ನೂ ದೂರವಿಡಿ. ಡಬ್ಬಿಯನ್ನು ಕುತ್ತಿಗೆವರೆಗೆ ತುಂಬಿ. ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಯೇ ಎಣ್ಣೆಯನ್ನು ತಿನ್ನುತ್ತದೆ. ಹಳೆಯ ಎಣ್ಣೆಗೆ ಹೊಸದನ್ನು ಸೇರಿಸಬೇಡಿ. ಕಮಟು ತಡೆಯಲು ಕಿಲೋ ಎಣ್ಣೆಗೆ 200 ಮಿಲಿಗ್ರಾಂ ಬಿಎಚ್‌ಟಿ ಸಾಕು. ಅದನ್ನು ಬೆಚ್ಚಗಿನ ಸ್ವಲ್ಪ ಎಣ್ಣೆಯಲ್ಲಿ ಕರಗಿಸಿ ಬೆರೆಸಿ. ಆದರೆ ತಾಜಾ ಎಣ್ಣೆಗೆ ಮಾತ್ರ; ಕಮಟಿದ ಮೇಲೆ ಹಾಕಿ ಪ್ರಯೋಜನವಿಲ್ಲ.

ಕರುಳೇ ಹೆಚ್ಚಿದ್ದರೆ

ಬರೀ ಕರುಳನ್ನು ಬೇಯಿಸಿ ಹಿಂಡುವುದು ಕಷ್ಟ, ಪಾಯಸವಾಗುತ್ತದೆ. ಅದಕ್ಕೆ ಆಸಿಡ್ ದಾರಿ ಸುಲಭ. 10 ಕಿಲೋ ಕರುಳನ್ನು ಕೊಚ್ಚಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಶೇ 85ರ ಫಾರ್ಮಿಕ್ ಆಸಿಡ್ 300 ಗ್ರಾಂ (ಸುಮಾರು 250 ಮಿಲಿ) ಬೆರೆಸಿ. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುತ್ತಾರಲ್ಲ, ಅದೇ ಆಸಿಡ್. ಪಿಎಚ್ 4ಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಕೊಳೆಸುವ ಬ್ಯಾಕ್ಟೀರಿಯಾ ಗೆಲ್ಲುತ್ತವೆ, ಆ ನಾತ ಊರಿಗೆಲ್ಲ ಗೊತ್ತಾಗುತ್ತದೆ. ದಿನಕ್ಕೆರಡು ಸಲ ಮಗುಚಿದರೆ ಮೂರು-ನಾಲ್ಕು ದಿನದಲ್ಲಿ ಮೀನಿನದೇ ಕಿಣ್ವಗಳು ಎಲ್ಲವನ್ನೂ ದ್ರವ ಮಾಡುತ್ತವೆ. ಸೋಸಿ, 80 ಡಿಗ್ರಿಗೆ ಕಾಯಿಸಿ ಬಿಟ್ಟರೆ ಎಣ್ಣೆ ಮೇಲೆ. ಕಾಯಿಸುವಾಗ ಆವಿಗೆ ಮುಖ ಒಡ್ಡಬೇಡಿ.

ಆಸಿಡ್ ಬೇಡವೆನ್ನುವವರು ಬೆಲ್ಲ ಶೇ 10, ಉಪ್ಪು ಶೇ 2, ಒಂದಿಷ್ಟು ಹುಳಿ ಮೊಸರು ಸೇರಿಸಿ ಹುದುಗಿಸಬಹುದು. ಸಿಹಿನೀರ ಮೀನಿನ ಕರುಳನ್ನು ಹೀಗೆ ಹುದುಗಿಸಿ ಎಣ್ಣೆ ತೆಗೆಯುವ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಕೆಲಸ ಮಾಡಿದೆ. ಎರಡು ದಿನದಲ್ಲಿ ಪಿಎಚ್ 4.5ಕ್ಕೆ ಇಳಿಯದಿದ್ದರೆ ಕೆಟ್ಟಿತೆಂದೇ ಲೆಕ್ಕ. ಎರಡೂ ದಾರಿಯ ಎಣ್ಣೆಯಲ್ಲಿ ಎಫ್‌ಎಫ್‌ಎ ಹೆಚ್ಚಿರುತ್ತದೆ.

ಕೊಬ್ಬಿನಾಮ್ಲ ಬೇರೆ ಮಾಡುವುದು

ಎಣ್ಣೆಯನ್ನು ಮೊದಲು ಪೂರ್ತಿ ಸೋಪು ಮಾಡಿ, ಆಮೇಲೆ ಆಸಿಡ್‌ನಿಂದ ಒಡೆದರೆ ಕೊಬ್ಬಿನಾಮ್ಲ ಬೇರೆಯಾಗುತ್ತದೆ. ಕಿಲೋ ಎಣ್ಣೆಗೆ 150 ಗ್ರಾಂ ಕಾಸ್ಟಿಕ್, 450 ಮಿಲಿ ನೀರು. 60 ಡಿಗ್ರಿಯಲ್ಲಿ ಬೆರೆಸಿ, 85–90ರಲ್ಲಿ ಎರಡು ಗಂಟೆ ಬೇಯಿಸಿ. ಉಕ್ಕುತ್ತದೆ, ಪಾತ್ರೆ ಮೂರು ಪಟ್ಟು ದೊಡ್ಡದಿರಲಿ. ಒಂದು ಚಮಚ ತೆಗೆದು ಬಿಸಿನೀರಿಗೆ ಹಾಕಿದಾಗ ಎಣ್ಣೆಯ ಕಣ್ಣು ತೇಲದೆ ತಿಳಿಯಾಗಿ ಕರಗಿದರೆ ಆಯಿತು. ಈಗ 4 ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಶೇ 35ರ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 330 ಮಿಲಿಯನ್ನು ಅಷ್ಟೇ ನೀರಿಗೆ ಸುರಿದು ತೆಳು ಮಾಡಿ, ಬಯಲಿನಲ್ಲಿ ನಿಂತು ಸ್ವಲ್ಪ ಸ್ವಲ್ಪ ಹಾಕಿ. ಪಿಎಚ್ 2ಕ್ಕೆ ಬಂದಾಗ ಸೋಪು ಒಡೆದು, ಕೊಬ್ಬಿನಾಮ್ಲಗಳು ಕಂದುಹಳದಿ ಎಣ್ಣೆಯಾಗಿ ಮೇಲೆ ನಿಲ್ಲುತ್ತವೆ. ಗ್ಲಿಸರಿನ್ ಕೆಳಗಿನ ನೀರಿನಲ್ಲಿ ಹೋಗುತ್ತದೆ. ಬಿಸಿನೀರಿನಲ್ಲಿ ಮೂರು ಸಲ ತೊಳೆಯಿರಿ. ಲೆಕ್ಕದ ಪ್ರಕಾರ ಕಿಲೋಗೆ 950 ಗ್ರಾಂ. ಕೈಗೆ ಬರುವುದು ಅದಕ್ಕಿಂತ ಕಡಿಮೆ. ಏಳನೇ ಹಂತದ ಸೋಪಿನ ಮಡ್ಡಿಗೂ ಹೀಗೆಯೇ ಆಸಿಡ್ ಹಾಕಿ ಕೊಬ್ಬಿನಾಮ್ಲ ಹಿಂಪಡೆಯಬಹುದು.

ಇದನ್ನು ಫ್ರಿಜ್‌ನಲ್ಲಿ 4–5 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಪಾಮಿಟಿಕ್‌ನಂಥ ಗಟ್ಟಿ ಆಮ್ಲಗಳು ಹರಳುಗಟ್ಟುತ್ತವೆ. ಬಟ್ಟೆಯಲ್ಲಿ ಹಿಂಡಿದರೆ ಗಟ್ಟಿ ಭಾಗ ಸೋಪು, ಮೇಣದ ಕೆಲಸಕ್ಕೆ. ದ್ರವ ಭಾಗದಲ್ಲಿ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಆಮ್ಲಗಳ ಪಾಲು ಹೆಚ್ಚು.

“ಯೂರಿಯಾ ಹಾಕಿ ಒಮೆಗಾ-3 ತೆಗೆಯಬಹುದಂತೆ, ಹೌದಾ?” ಹೌದು. ಬಿಸಿ ಆಲ್ಕೋಹಾಲ್‌ನಲ್ಲಿ ಕೊಬ್ಬಿನಾಮ್ಲದ ಮೂರು ಪಟ್ಟು ಯೂರಿಯಾ ಕರಗಿಸಿ ತಣಿಸಿದಾಗ, ನೇರ ಸರಪಳಿಯ ಆಮ್ಲಗಳು ಯೂರಿಯಾ ಹರಳಿನೊಳಗೆ ಸಿಕ್ಕಿಬೀಳುತ್ತವೆ. ಐದಾರು ಕಡೆ ಬಾಗಿದ ಇಪಿಎ, ಡಿಎಚ್‌ಎ ಹೊರಗುಳಿಯುತ್ತವೆ. ಆದರೆ ಯೂರಿಯಾ ಮತ್ತು ಆಲ್ಕೋಹಾಲ್ ಕಾದಾಗ ಈಥೈಲ್ ಕಾರ್ಬಮೇಟ್ ಎಂಬ ಕ್ಯಾನ್ಸರ್‌ಕಾರಕ ಹುಟ್ಟಬಹುದು. ಅದನ್ನು ಅಳೆಯುವ, ತೆಗೆಯುವ ಸೌಕರ್ಯವಿಲ್ಲದೆ ಇದಕ್ಕೆ ಕೈಹಾಕಬೇಡಿ, ಅದರಲ್ಲೂ ಗೊಬ್ಬರದ ಯೂರಿಯಾದಲ್ಲಿ.

ಸಿಂಪಡಣೆಯ ಸೋಪು

ಹಿಟ್ಟುತಿಗಣೆ, ಶಲ್ಕ ಕೀಟಕ್ಕೆ ಹೊಡೆಯುವ ಮೀನೆಣ್ಣೆ ರೋಸಿನ್ ಸೋಪಿಗೆ ಕಿಲೋ ಎಣ್ಣೆ, 250 ಗ್ರಾಂ ರೋಸಿನ್ (ಪೈನ್ ಮರದ ರಾಳ), 155 ಗ್ರಾಂ ಕಾಸ್ಟಿಕ್, 450 ಮಿಲಿ ನೀರು. ಬಿಸಿ ಎಣ್ಣೆಯಲ್ಲಿ ರೋಸಿನ್ ಕರಗಿಸಿ, 65 ಡಿಗ್ರಿಗೆ ತಣಿಸಿ, ಮೇಲಿನಂತೆ ಬೇಯಿಸಿ. ಕಾಸ್ಟಿಕ್ ಲೆಕ್ಕಕ್ಕಿಂತ ತುಸು ಕಡಿಮೆ ಇಟ್ಟಿರುವುದು ಎಲೆ ಸುಡಬಾರದೆಂದು. ಹೊಡೆಯುವಾಗ ಲೀಟರ್ ನೀರಿಗೆ 25 ಗ್ರಾಂ ಸೋಪು. ಮೊದಲು ಒಂದೆರಡು ಗೆಲ್ಲಿಗೆ ಹೊಡೆದು ಎರಡು ದಿನ ನೋಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಮೊಸರಿನಂತೆ ಒಡೆದು ನಾಝಲ್ ಕಟ್ಟುತ್ತದೆ, ಕೆರೆ ಅಥವಾ ಮಳೆನೀರು ಬಳಸಿ.

ಕೆಲಸ ಮುಗಿದ ಮೇಲೆ

ಕಂದು ನೀರನ್ನು ಚರಂಡಿಗೆ ಬಿಟ್ಟರೆ ಎರಡೇ ದಿನದಲ್ಲಿ ದೂರು ಬರುತ್ತದೆ. ಹತ್ತು ಪಟ್ಟು ನೀರು ಸೇರಿಸಿ ತೆಂಗಿನ ಬುಡದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಅಥವಾ ಕಾಂಪೋಸ್ಟಿಗೆ ಹಾಕಿ. ಆಸಿಡ್ ಸೇರಿದ್ದನ್ನು ಮೊದಲು ಸುಣ್ಣದಿಂದ ತಟಸ್ಥ ಮಾಡಿ. ದಿನಾ ಮಾಡುವ ಕಸುಬಾದರೆ ಪಂಚಾಯಿತಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಮೊದಲೇ ಪಡೆಯಿರಿ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಮುದ್ದೆ ಮಾಡಿ ಎಸೆದು ಮನೆಗೆ ಹೋಗಬೇಡಿ. ಮೀನೆಣ್ಣೆ ಗಾಳಿಯೊಂದಿಗೆ ಸೇರುವಾಗ ಶಾಖ ಹುಟ್ಟುತ್ತದೆ; ಮುದ್ದೆಯೊಳಗೆ ಆ ಶಾಖಕ್ಕೆ ದಾರಿಯಿಲ್ಲದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ನೀರು ತುಂಬಿದ ಮುಚ್ಚಳದ ಬಕೆಟ್‌ನಲ್ಲಿ ಮುಳುಗಿಸಿಟ್ಟು, ಮಾರನೇ ದಿನ ಸೋಪುನೀರಿನಲ್ಲಿ ಒಗೆದು ಹಗ್ಗದ ಮೇಲೆ ಬಿಡಿಬಿಡಿಯಾಗಿ ಹರವಿ.